ಬೆಸುಗೆಯ ಬಿರುಕು ಮತ್ತು ನೀತಿಯ ಪಾಠ

2018ರ ನವೆಂಬರ್ ಕೊನೆಯಲ್ಲಿ ಚೀನಾದ ಹೆ ಜಿಯಾನ್‌ಕುಯಿ ಎಂಬ ವಿಜ್ಞಾನಿಯ ಹೆಸರು ಜಗತ್ತಿನ ಪತ್ರಿಕೆಗಳಲ್ಲೆಲ್ಲ ತುಂಬಿಹೋಯಿತು. ಭ್ರೂಣದಲ್ಲಿರುವಾಗಲೇ ಜೀನ್ ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆ ಎಂದು ಆತ ಪ್ರಕಟಿಸಿದ್ದ. ಆ ಗದ್ದಲದಲ್ಲಿ ಇನ್ನೊಂದು ಸಂಗತಿ ಅಷ್ಟಾಗಿ ಯಾರ ಗಮನಕ್ಕೂ ಬೀಳಲಿಲ್ಲ. ಅದೇ ದಿನಗಳಲ್ಲಿ ಒಂದು ವಿಜ್ಞಾನ ಪತ್ರಿಕೆಯಲ್ಲಿ ಆತನೂ ಸಂಗಡಿಗರೂ ಸೇರಿ ಬರೆದ ಲೇಖನ ಬಂದಿತ್ತು. ಇಂಥ ಚಿಕಿತ್ಸೆಗೆ ಕೈಹಾಕುವವರು ಪಾಲಿಸಬೇಕಾದ ಐದು ನೈತಿಕ ತತ್ವಗಳು ಅದರ ವಿಷಯ. ಗಂಭೀರ ಕಾಯಿಲೆಗೆ ಮಾತ್ರ ಬಳಸಬೇಕು, ಹುಟ್ಟುವ ಮಗುವಿನ ಸ್ವಾತಂತ್ರ್ಯವನ್ನು ಗೌರವಿಸಬೇಕು ಎಂಬಂಥ, ಯಾರಾದರೂ ತಲೆದೂಗುವ ಮಾತುಗಳೇ ಅದರಲ್ಲಿದ್ದವು. ಇತ್ತ ಅವನ ಪ್ರಯೋಗಕ್ಕೆ ಒಪ್ಪಿದ ದಂಪತಿಗಳ ಕೈಗೆ ಕೊಟ್ಟ ಒಪ್ಪಿಗೆ ಪತ್ರದಲ್ಲಿ ಆ ಕೆಲಸವನ್ನು ಏಡ್ಸ್ ಲಸಿಕೆಯ ಯೋಜನೆ ಎಂದು ಕರೆಯಲಾಗಿತ್ತು. ಮರುವರ್ಷ ಪತ್ರಿಕೆ ಲೇಖನವನ್ನು ಹಿಂತೆಗೆದುಕೊಂಡಿತು, ವರ್ಷದ ಕೊನೆಗೆ ನ್ಯಾಯಾಲಯ ಮೂರು ವರ್ಷದ ಸಜೆ ವಿಧಿಸಿತು. ಅಮೆರಿಕದ ರೈಸ್ ವಿಶ್ವವಿದ್ಯಾಲಯದಲ್ಲಿ ಬಯೋಎಂಜಿನಿಯರಿಂಗ್ ಪ್ರಾಧ್ಯಾಪಕರೊಬ್ಬರ ಕೈಕೆಳಗೆ ಪಿಎಚ್‌ಡಿ ಮಾಡಿಬಂದವನು ಈತ. ನೀತಿ ಗೊತ್ತಿಲ್ಲದೆ ತಪ್ಪಿದ ಎನ್ನುವಂತಿಲ್ಲ. ಐದು ಅಂಕದ ಪ್ರಶ್ನೆಗೆ ಐದೂ ಅಂಕ ಗಿಟ್ಟಿಸಿಕೊಳ್ಳಬಲ್ಲಷ್ಟು ಗೊತ್ತಿತ್ತು.

ಬಯೋಮೆಡಿಕಲ್, ಮೆಡಿಕಲ್ ಎಲೆಕ್ಟ್ರಾನಿಕ್ಸ್, ಬಯೋಟೆಕ್ನಾಲಜಿ ಓದುವ ಮಕ್ಕಳಿಗೆ ನೀತಿ ಕಲಿಸಬೇಕೆಂಬ ಮಾತು ಬಂದಾಗಲೆಲ್ಲ ನಾವು ಮಾಡುವುದು ಮಾತ್ರ ಅದನ್ನೇ: ತತ್ವಗಳನ್ನು ಬಾಯಿಪಾಠ ಮಾಡಿಸುವುದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ ಭಾರತದ ಸಂವಿಧಾನ, ವೃತ್ತಿನೀತಿ, ಸೈಬರ್ ಕಾನೂನು ಈ ಮೂರನ್ನೂ ಒಂದೇ ಕ್ರೆಡಿಟ್ಟಿನ ಒಂದು ಪತ್ರಿಕೆಗೆ ತುರುಕಲಾಗಿತ್ತು. 2022ರ ಸ್ಕೀಮಿನಲ್ಲಿ ಸಾರ್ವತ್ರಿಕ ಮಾನವ ಮೌಲ್ಯಗಳಿಗೆ ಒಂದು ಕ್ರೆಡಿಟ್ ಸಿಕ್ಕಿದೆ. ಒಂದು ಕ್ರೆಡಿಟ್ಟಿನ ವಿಷಯಕ್ಕೆ ವಿದ್ಯಾರ್ಥಿ ಎಷ್ಟು ಬೆಲೆ ಕೊಡುತ್ತಾನೆಂದು ಹಾಸ್ಟೆಲಿನ ಯಾವ ಕೋಣೆಗೆ ಹೋಗಿ ಕೇಳಿದರೂ ತಿಳಿಯುತ್ತದೆ. ಆದರೆ ನನ್ನ ತಕರಾರು ಕ್ರೆಡಿಟ್ ಸಾಲದೆಂಬುದಲ್ಲ. ಮೂರು ಕ್ರೆಡಿಟ್ ಕೊಟ್ಟು ನೀತಿಯನ್ನು ಪ್ರತ್ಯೇಕ ಕೋಣೆಯಲ್ಲಿ, ಪ್ರತ್ಯೇಕ ಮೇಷ್ಟರಿಂದ, ಪ್ರತ್ಯೇಕ ಗೈಡ್ ಪುಸ್ತಕದಿಂದ ಕಲಿಸಿದರೂ ಫಲ ಇಷ್ಟೇ. ಏಕೆಂದರೆ ದೇಹದೊಳಗೆ ಕೂರುವ, ದೇಹವನ್ನು ಅಳೆಯುವ ಯಂತ್ರಗಳನ್ನು ಮಾಡುವವರ ಮುಂದೆ ನೀತಿಯ ಪ್ರಶ್ನೆ ತನ್ನ ಹೆಸರು ಹೇಳಿಕೊಂಡು ಬರುವುದಿಲ್ಲ. ಅದು ಒಂದು ಅಳತೆಯಾಗಿ, ಒಂದು ಮಾದರಿ ಸಂಖ್ಯೆಯಾಗಿ, ಗ್ರಾಫಿನಿಂದ ಆಚೆ ಬಿದ್ದ ಒಂದು ಚುಕ್ಕಿಯಾಗಿ ಬರುತ್ತದೆ. ಅದನ್ನು ಗುರುತಿಸುವುದನ್ನು ಕಲಿಸುವುದಾದರೆ ಡಿಸೈನ್ ತರಗತಿಯಲ್ಲೇ, ಲ್ಯಾಬಿನಲ್ಲೇ, ಆ ವಿಷಯದ ಮೇಷ್ಟರೇ ಕಲಿಸಬೇಕು.

ಎಂಜಿನಿಯರಿಂಗ್ ನೀತಿಯ ಪಠ್ಯಗಳಲ್ಲಿ 1986ರಲ್ಲಿ ಸಿಡಿದ ಚಾಲೆಂಜರ್ ಗಗನನೌಕೆಯ ಕಥೆ ತಪ್ಪದೆ ಬರುತ್ತದೆ. ಒಳ್ಳೆಯ ಕಥೆಯೇ. ಆದರೆ ಬಯೋಎಂಜಿನಿಯರಿಗೆ ಅದು ದೂರದ ನೆಂಟ. ಗಗನಯಾತ್ರಿಗೆ ತಾನು ಅಪಾಯದ ಸವಾರಿ ಮಾಡುತ್ತಿದ್ದೇನೆ ಎಂಬುದಾದರೂ ಗೊತ್ತಿರುತ್ತದೆ. ಹೃದಯದ ಕವಾಟ ಬದಲಿಸಿಕೊಂಡ ರೋಗಿಗೆ ತನ್ನೊಳಗೆ ಕೂತ ವಸ್ತುವಿನ ಕಂಪನಿಯ ಹೆಸರೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಕಾರಿನ ಬ್ರೇಕಿನಲ್ಲಿ ದೋಷವಿದ್ದರೆ ಕಂಪನಿ ಕಾರನ್ನು ವಾಪಸು ಕರೆಸಿಕೊಳ್ಳುತ್ತದೆ. ಕವಾಟವನ್ನು ವಾಪಸು ಕರೆಸಬೇಕೆಂದರೆ ಎದೆ ಸೀಳಬೇಕು. ಕಂಪನಿ ಸೋತರೂ ಯಂತ್ರ ದೇಹದಲ್ಲೇ ಉಳಿಯುತ್ತದೆ. ಅಮೆರಿಕದ ಸೆಕೆಂಡ್ ಸೈಟ್ ಎಂಬ ಕಂಪನಿ ಮಾಡಿದ ಕೃತಕ ಅಕ್ಷಿಪಟವನ್ನು ಮುನ್ನೂರೈವತ್ತಕ್ಕೂ ಹೆಚ್ಚು ಅಂಧರು ಕಣ್ಣಿನಲ್ಲಿ ಕೂರಿಸಿಕೊಂಡಿದ್ದರು. 2020ರ ಹೊತ್ತಿಗೆ ಕಂಪನಿ ದಿವಾಳಿಯ ಅಂಚಿಗೆ ಬಂತು, ರಿಪೇರಿಗೆ ದಿಕ್ಕಿಲ್ಲದಾಯಿತು. ವೈದ್ಯನ ಎದುರಿಗೆ ರೋಗಿ ಕೂತಿರುತ್ತಾನೆ. ಎಂಜಿನಿಯರಿನ ಎದುರಿಗೆ ಡ್ರಾಯಿಂಗ್ ಇರುತ್ತದೆ. ಆದ್ದರಿಂದಲೇ ವೈದ್ಯಕೀಯ ನೀತಿಯ ಪಾಠವನ್ನು ಎತ್ತಿ ತಂದು ಎಂಜಿನಿಯರಿಂಗ್ ತರಗತಿಯಲ್ಲಿಟ್ಟರೆ ಅರ್ಧ ಕೆಲಸವೂ ಆಗುವುದಿಲ್ಲ.

ಕಲಿಸಬೇಕಾದ ಕಥೆಗಳಲ್ಲಿ ನಾನು ಮೊದಲು ಆರಿಸುವುದು ಬ್ಯೋರ್ಕ್–ಶೈಲಿ ಕವಾಟದ್ದು. ಸ್ವೀಡನ್ನಿನ ಹೃದಯ ಶಸ್ತ್ರವೈದ್ಯ ವೈಕಿಂಗ್ ಬ್ಯೋರ್ಕ್ ಮತ್ತು ಕ್ಯಾಲಿಫೋರ್ನಿಯಾದ ಎಂಜಿನಿಯರ್ ಶೈಲಿ ಸೇರಿ ರೂಪಿಸಿದ ಕವಾಟ ಇದು. ಒಂದು ಲೋಹದ ಉಂಗುರ, ಅದರೊಳಗೆ ವಾಲಿ ತೆರೆದು ಮುಚ್ಚುವ ಇಂಗಾಲದ ಬಿಲ್ಲೆ, ಬಿಲ್ಲೆ ಜಾರದಂತೆ ಹಿಡಿದಿಡಲು ಎರಡು ಕಂಬಿಗಳು. ಹಳೆಯ ಮಾದರಿಯಲ್ಲಿ ರಕ್ತ ಹೆಪ್ಪುಗಟ್ಟುವ ತೊಂದರೆಯಿತ್ತು. ಅದನ್ನು ತಗ್ಗಿಸಲು ಬಿಲ್ಲೆಯ ಆಕಾರ ಬದಲಿಸಿ, ಒಂದು ಬದಿ ಉಬ್ಬು ಒಂದು ಬದಿ ತಗ್ಗು ಇರುವ ಹೊಸ ಮಾದರಿ ತಂದರು. ಅದರಲ್ಲಿ ಒಂದು ಕಂಬಿ ಉಂಗುರದ ಭಾಗವೇ ಆಗಿತ್ತು. ಇನ್ನೊಂದರ ಎರಡು ಕಾಲುಗಳನ್ನು ಉಂಗುರಕ್ಕೆ ಬೆಸುಗೆ ಹಾಕಲಾಗಿತ್ತು. ಹೃದಯ ನಿಮಿಷಕ್ಕೆ ಎಪ್ಪತ್ತು ಸಲ ಬಡಿದರೆ ವರ್ಷಕ್ಕೆ ಮೂರೂಮುಕ್ಕಾಲು ಕೋಟಿ ಸಲದ ಹತ್ತಿರ ಆ ಬಿಲ್ಲೆ ಮುಚ್ಚಿಕೊಳ್ಳುತ್ತದೆ, ಅಷ್ಟೂ ಸಲ ಪೆಟ್ಟು ಆ ಬೆಸುಗೆಗೆ ತಾಗುತ್ತದೆ. ಒಂದು ಕಾಲು ಮುರಿದರೆ ರೋಗಿಗೆ ಏನೂ ತಿಳಿಯುವುದಿಲ್ಲ. ಎರಡನೆಯದೂ ಮುರಿದರೆ ಬಿಲ್ಲೆ ಕಳಚಿ ರಕ್ತದೊಡನೆ ಹೋಗಿಬಿಡುತ್ತದೆ. ಪ್ರಾಯೋಗಿಕ ಹಂತದಲ್ಲೇ, 1978ರಲ್ಲಿ, ಒಂದು ಕಂಬಿ ಮುರಿದಿತ್ತು. ಅದೊಂದು ಬಿಡಿ ಪ್ರಕರಣವೆಂದು ಪರಿಗಣಿಸಲಾಯಿತು. 1979ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಮಾರಾಟಕ್ಕೆ ಅನುಮತಿ ಕೊಟ್ಟಿತು. 1986ರಲ್ಲಿ ಮಾರುಕಟ್ಟೆಯಿಂದ ಹಿಂತೆಗೆಯುವ ಹೊತ್ತಿಗೆ ಜಗತ್ತಿನಾದ್ಯಂತ ಸುಮಾರು 86,000 ಎದೆಗಳಲ್ಲಿ ಅದು ಕೂತಿತ್ತು. ಮುಂದೆ ಆರುನೂರಕ್ಕೂ ಹೆಚ್ಚು ಕವಾಟಗಳು ಮುರಿದವು. ಕವಾಟ ಮುರಿದವರ ಪೈಕಿ ಮೂರರಲ್ಲಿ ಎರಡು ಪಾಲು ಜನ ಬದುಕಲಿಲ್ಲ.

ಈ ಕಥೆಯಲ್ಲಿ ನಿಂತು ನೋಡಬೇಕಾದ ಜಾಗ ಕವಾಟ ತಯಾರಿಸುತ್ತಿದ್ದ ಶೈಲಿ ಕಂಪನಿಯ ತಪಾಸಣೆಯ ಮೇಜು. ಸೂಕ್ಷ್ಮದರ್ಶಕದಡಿ ಬೆಸುಗೆಯ ಬಳಿ ಒಂದು ಗೆರೆ ಕಾಣುತ್ತದೆ. ಅದು ಗೀರಾದರೆ ಪಾಲಿಶ್ ಮಾಡಿದರೆ ಮುಗಿಯಿತು. ಬಿರುಕಾದರೆ ಮತ್ತೆ ಬೆಸೆಯಬೇಕು ಅಥವಾ ಬಿಸಾಡಬೇಕು. ಗೀರೋ ಬಿರುಕೋ ಎಂದು ಹೇಳುವುದು ಯಾವಾಗಲೂ ಸುಲಭವಲ್ಲ. ಅನುಮಾನವಿದ್ದಾಗ ಯಾವ ಕಡೆಗೆ ವಾಲಬೇಕು ಎಂಬುದು ಯಾವ ಲೋಹಶಾಸ್ತ್ರದ ಪುಸ್ತಕದಲ್ಲೂ ಇಲ್ಲ. ಬಿರುಕುಗಳನ್ನು ಉಜ್ಜಿ ಮರೆಮಾಡಲಾಯಿತು, ಆ ಹೊತ್ತಿಗೆ ಕೆಲಸದಲ್ಲೇ ಇಲ್ಲದವರ ಹೆಸರಿನಲ್ಲಿ ದಾಖಲೆಗಳಿಗೆ ಸಹಿ ಬಿದ್ದಿತ್ತು ಎಂಬ ಆರೋಪಗಳು ಮುಂದೆ ಬಂದವು. 1990ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಕಟುವಾದ ವರದಿ ಕೊಟ್ಟಿತು. ಶೈಲಿ ಕಂಪನಿಯನ್ನು ಕೊಂಡಿದ್ದ ಫೈಜರ್ 1994ರಲ್ಲಿ ಒಂದು ಕೋಟಿ ಡಾಲರಿಗೂ ಹೆಚ್ಚು ಹಣ ಕಟ್ಟಿ ಸರ್ಕಾರದೊಡನೆ ರಾಜಿ ಮಾಡಿಕೊಂಡಿತು. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಅದೇ ಶೈಲಿ ಕಂಪನಿ ಬೆಸುಗೆಯೇ ಇಲ್ಲದ, ಇಡೀ ಲೋಹದ ತುಂಡಿನಿಂದ ಕಡೆದು ತೆಗೆದ ಕವಾಟವನ್ನು 1980ರ ದಶಕದ ಆರಂಭದಲ್ಲೇ ಯುರೋಪಿನಲ್ಲಿ ಬಳಕೆಗೆ ತಂದಿತ್ತು. ಬೆಸುಗೆಯದು ಅದಾದ ಮೇಲೂ ವರ್ಷಗಟ್ಟಲೆ ಮಾರಾಟವಾಯಿತು. ಇದೆಲ್ಲ ನಡೆದದ್ದು ನೀತಿಯ ಬರಗಾಲದಲ್ಲೇನೂ ಅಲ್ಲ. ಜೈವಿಕ ನೀತಿಶಾಸ್ತ್ರದ ಬೈಬಲ್ಲಿನಂತಾಗಿರುವ ಬೋಶಾಂಪ್ ಮತ್ತು ಚಿಲ್ಡ್ರೆಸ್ ಅವರ ಪುಸ್ತಕ, ಮನುಷ್ಯರ ಮೇಲಿನ ಸಂಶೋಧನೆಗೆ ಕಟ್ಟುಪಾಡು ಹಾಕಿದ ಬೆಲ್ಮಂಟ್ ವರದಿ, ಎರಡೂ ಅದೇ ದೇಶದಲ್ಲಿ ಹೊರಬಂದದ್ದು 1979ರಲ್ಲಿ, ಈ ಕವಾಟಕ್ಕೆ ಅನುಮತಿ ಸಿಕ್ಕ ವರ್ಷವೇ. ತಪಾಸಣೆಯ ಮೇಜಿಗೂ ಆ ಪುಟಗಳಿಗೂ ನಡುವೆ ದಾರಿಯೇ ಇರಲಿಲ್ಲ.

ಇಂಥ ಪ್ರಕರಣವನ್ನು ತರಗತಿಯಲ್ಲಿ ಹೇಳುವ ರೀತಿಯಲ್ಲೇ ಅದನ್ನು ಕೆಡಿಸುವುದೂ ಸುಲಭ. ಕೊನೆ ಗೊತ್ತಿರುವ ಕಥೆಯನ್ನು ಕೊನೆಯಿಂದ ಹೇಳಿದರೆ ಖಳನಾಯಕ ಯಾರೆಂದು ಮೊದಲ ನಿಮಿಷಕ್ಕೇ ತಿಳಿದುಹೋಗುತ್ತದೆ. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂಬ ನೆಮ್ಮದಿಯಲ್ಲಿ ವಿದ್ಯಾರ್ಥಿ ಎದ್ದುಹೋಗುತ್ತಾನೆ. ಹಾಗಲ್ಲದೆ ಕಡತವನ್ನು ತಾರೀಖಿನ ಪ್ರಕಾರ ಬಿಚ್ಚಬೇಕು. 1978ಕ್ಕೆ ನಿಲ್ಲಿಸಿ: ಹೊಸ ಕವಾಟದಲ್ಲಿ ಹೆಪ್ಪುಗಟ್ಟುವುದು ಕಡಿಮೆ ಎನ್ನುತ್ತಿದ್ದಾರೆ, ಒಂದೇ ಒಂದು ಮುರಿದಿದೆ. ಈಗ ನೀವೇನು ಮಾಡುತ್ತೀರಿ? ಇನ್ನೆಷ್ಟು ಮುರಿದರೆ ನಿಲ್ಲಿಸುತ್ತೀರಿ? ಆ ಸಂಖ್ಯೆಯನ್ನು ಈಗಲೇ ಬರೆದಿಡಿ. ಆಮೇಲೆ ಮುಂದಿನ ಹಾಳೆ ಕೊಡಿ. ಕೊನೆಗೆ 86,000ದಲ್ಲಿ 600 ಎಂದರೆ ನೂರಕ್ಕೆ 0.7 ಎಂದು ಲೆಕ್ಕ ಹಾಕಿಸಿ. ಅದು ಚಿಕ್ಕದೋ ದೊಡ್ಡದೋ? ಹೆಪ್ಪುಗಟ್ಟಿ ಸಾಯಬಹುದಾಗಿದ್ದವರು ಎಷ್ಟು ಜನ ಉಳಿದಿದ್ದರೆ ಇದು ಒಪ್ಪತಕ್ಕ ಬೆಲೆ? ಎಲ್ಲಕ್ಕಿಂತ ಬಿಗಿಯಾದ ಗಂಟು ಇನ್ನೂ ಮುಂದಿದೆ. ಕವಾಟ ಮುರಿಯದೆ ಬದುಕಿರುವ ಸಾವಿರಾರು ಜನಕ್ಕೆ ವಿಷಯ ತಿಳಿಸಬೇಕೇ? ಮತ್ತೆ ಎದೆ ತೆರೆದು ಬದಲಿಸುವ ಅಪಾಯ ಅವರಲ್ಲಿ ಹೆಚ್ಚಿನವರಿಗೆ ಮುರಿಯುವ ಅಪಾಯಕ್ಕಿಂತ ದೊಡ್ಡದು. ತಿಳಿಸಿದರೆ ಪ್ರತಿ ಬಡಿತಕ್ಕೂ ಹೆದರುತ್ತಾ ಬದುಕಬೇಕು. ತಿಳಿಸದಿದ್ದರೆ ಲಕ್ಷಣ ಕಂಡೊಡನೆ ಆಸ್ಪತ್ರೆಗೆ ಓಡುವ ಅವಕಾಶವೂ ಇಲ್ಲ. ಇಲ್ಲಿ ಸಂಭವನೀಯತೆಯ ಲೆಕ್ಕ ಬಾರದವನು ನೀತಿಯನ್ನೂ ಮಾತಾಡಲಾರ. ಲೆಕ್ಕ ಮಾತ್ರ ಬಲ್ಲವನು ಉತ್ತರ ಸಿಕ್ಕಿತೆಂದು ಬೇಗನೆ ಪೆನ್ನು ಮುಚ್ಚುತ್ತಾನೆ.

ಈ ಕಥೆಯ ಪಕ್ಕದಲ್ಲಿಟ್ಟು ಹೇಳಬೇಕಾದ ಇನ್ನೊಂದು ಕವಾಟ ನಮ್ಮದೇ. ತಿರುವನಂತಪುರದ ಶ್ರೀಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಎಂ.ಎಸ್. ವಲಿಯತ್ತಾನ್ ಅವರ ನಾಯಕತ್ವದಲ್ಲಿ ರೂಪುಗೊಂಡ ಚಿತ್ರಾ ಕವಾಟ ಕೂಡ ವಾಲುವ ಬಿಲ್ಲೆಯದೇ. ಸಂಧಿವಾತ ಜ್ವರದಿಂದ ಎಳೆಯ ವಯಸ್ಸಿಗೇ ಕವಾಟ ಕೆಟ್ಟವರು ಈ ದೇಶದಲ್ಲಿ ಅಪಾರ. ಹೊರದೇಶದ ಕವಾಟ ಕೊಳ್ಳುವ ಶಕ್ತಿ ಅವರಲ್ಲಿ ಬಹಳ ಮಂದಿಗೆ ಇರಲಿಲ್ಲ. ತುರ್ತು ಅಷ್ಟಿದ್ದರೂ ತಂಡ ಆತುರಪಡಲಿಲ್ಲ. ಆರಂಭದ ಮಾದರಿಗಳು ಒಂದರ ಹಿಂದೆ ಒಂದು ಕೈಕೊಟ್ಟವು. ಕೃತಕ ನೀಲಮಣಿಯ ಬಿಲ್ಲೆಯನ್ನೂ ಪ್ರಯೋಗಿಸಿ ಬಿಟ್ಟರು. ಯಂತ್ರದಲ್ಲಿ, ಆಮೇಲೆ ಕುರಿಗಳಲ್ಲಿ ಪರೀಕ್ಷೆ ನಡೆಯಿತು. ಕೊನೆಗೆ ನಿಂತದ್ದು ಕೋಬಾಲ್ಟ್ ಮಿಶ್ರಲೋಹದ ಒಂದೇ ತುಂಡಿನಿಂದ ಕಡೆದ, ಬೆಸುಗೆಯ ಗೊಡವೆಯೇ ಇಲ್ಲದ ಚೌಕಟ್ಟು, ಅದಕ್ಕೆ ಪಾಲಿಎಥಿಲೀನ್ ಬಿಲ್ಲೆ. ಮನುಷ್ಯನ ಎದೆಯಲ್ಲಿ ಅದು ಮೊದಲು ಕೂತದ್ದು 1990ರ ಡಿಸೆಂಬರಿನಲ್ಲಿ. ಅಲ್ಲಿಂದ 1995ರ ಜನವರಿಯವರೆಗೆ ದೇಶದ ಆರು ಆಸ್ಪತ್ರೆಗಳಲ್ಲಿ ಕವಾಟ ಪಡೆದ 306 ಮಂದಿಯನ್ನು ಹಿಂಬಾಲಿಸಿ ನೋಡಿದ ವರದಿಯಲ್ಲಿ ಕವಾಟವೇ ಮುರಿದ ಒಂದು ಪ್ರಕರಣವೂ ಇಲ್ಲ. ಮುಂದೆ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದ ವಲಿಯತ್ತಾನ್ ಅಲ್ಲೇ ನೆಲೆಸಿ 2024ರಲ್ಲಿ ತೀರಿಕೊಂಡರು. ಸರ್ಕಾರಿ ಸಂಸ್ಥೆ, ಲಾಭದ ಒತ್ತಡವಿಲ್ಲ, ಸೋಲಲು ಸಮಯವಿತ್ತು, ಅದಕ್ಕೆ ಸಾಧ್ಯವಾಯಿತು ಎನ್ನುವವರು ಸರಿಯಾಗಿಯೇ ಹೇಳುತ್ತಾರೆ. ಆದರೆ ಆ ಸೋಲುಗಳನ್ನು ಅವರು ಬರೆದಿಟ್ಟದ್ದು, ಪ್ರಕಟಿಸಿದ್ದು ಸಮಯ ಹೆಚ್ಚಿದ್ದರಿಂದಲ್ಲ. ಕೆಟ್ಟ ಮಾದರಿಯ ವರದಿ ಮುಂದಿನ ಮಾದರಿಯ ಕಚ್ಚಾವಸ್ತು ಎಂಬುದು ಅಲ್ಲಿನ ಕೆಲಸದ ರೂಢಿಯಾಗಿತ್ತು.

ಆ ರೂಢಿಯನ್ನು ನಮ್ಮ ಕಾಲೇಜುಗಳ ಲ್ಯಾಬಿನ ಜೊತೆ ಹೋಲಿಸಿ ನೋಡಿದರೆ ಇರುಸುಮುರುಸಾಗುತ್ತದೆ. ನಮ್ಮಲ್ಲಿ ನೀತಿಪಾಠ ಲ್ಯಾಬಿನಲ್ಲಿ ನಡೆಯುತ್ತಿಲ್ಲ ಎಂದಲ್ಲ. ನಡೆಯುತ್ತಿದೆ, ತಿರುಗಾಮುರುಗಾ ನಡೆಯುತ್ತಿದೆ. ಉತ್ತರ ಎಷ್ಟು ಬರಬೇಕೆಂದು ಮೊದಲೇ ಗೊತ್ತು. ಹಿರಿಯರ ರೆಕಾರ್ಡ್ ಬುಕ್ಕು ಕೈಯಲ್ಲಿದೆ. ರೀಡಿಂಗ್ ಸರಿಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ರೀಡಿಂಗನ್ನು ಹೊಂದಿಸುವುದು. ಗ್ರಾಫು ನೆಟ್ಟಗಿದ್ದರೆ ಸಹಿ, ಸೊಟ್ಟಗಿದ್ದರೆ ಮತ್ತೆ ಮಾಡು. ನಾಲ್ಕು ವರ್ಷ, ಹತ್ತಾರು ಲ್ಯಾಬು, ನೂರಾರು ಸಹಿ. ಒಂದು ಕ್ರೆಡಿಟ್ಟಿನ ಮೌಲ್ಯಪಾಠ ಇದರೆದುರು ಯಾವ ಮೂಲೆ? ಹೀಗೆ ಕಲಿತ ಕೈ ಎಲ್ಲಿಗೆ ಹೋಗಿ ಮುಟ್ಟಬಹುದೆಂದು ಥೆರಾನೋಸ್ ಪ್ರಕರಣ ತೋರಿಸಿತು. ಬೆರಳಿನಿಂದ ತೆಗೆದ ಹನಿ ರಕ್ತದಲ್ಲಿ ಹತ್ತಾರು ಪರೀಕ್ಷೆ ಮಾಡುತ್ತೇವೆಂದ ಆ ಕಂಪನಿಯ ಒಡತಿ ಎಲಿಜಬೆತ್ ಹೋಮ್ಸ್ 2022ರ ಜನವರಿಯಲ್ಲಿ ವಂಚನೆಯ ಅಪರಾಧಿ ಎಂದು ತೀರ್ಪಾಯಿತು. ಒಳಗೆ ನಡೆಯುತ್ತಿದ್ದದ್ದರಲ್ಲಿ ಒಂದು ತೀರ ಸಾಧಾರಣ ಸಂಗತಿ: ಗುಣಮಟ್ಟದ ಪರೀಕ್ಷೆ ಪಾಸಾಗದಿದ್ದಾಗ ಗುಂಪಿನಿಂದ ಆಚೆ ಬಿದ್ದ ಸಂಖ್ಯೆಗಳನ್ನು ಕೈಬಿಟ್ಟು ಪಾಸು ಮಾಡಿಸುವುದು. ಇದನ್ನು ನ್ಯಾಯಾಲಯದಲ್ಲಿ ಹೇಳಿದ ಎರಿಕಾ ಚಂಗ್ ಆಗತಾನೆ ಪದವಿ ಮುಗಿಸಿ ಆ ಲ್ಯಾಬಿಗೆ ಸೇರಿದ್ದವರು. ಆಚೆ ಬಿದ್ದ ಸಂಖ್ಯೆಯನ್ನು ತೆಗೆಯುವುದು ಎಲ್ಲ ಸಲವೂ ತಪ್ಪಲ್ಲ, ಸಂಖ್ಯಾಶಾಸ್ತ್ರದಲ್ಲಿ ಅದಕ್ಕೆ ಕ್ರಮವಿದೆ. ಯಾವಾಗ ತೆಗೆಯಬಹುದು, ತೆಗೆದದ್ದನ್ನು ಎಲ್ಲಿ ಬರೆಯಬೇಕು, ನಿಯಮವನ್ನು ಫಲಿತಾಂಶ ನೋಡುವ ಮೊದಲು ಮಾಡಿದ್ದೋ ನೋಡಿದ ಮೇಲೋ ಎಂಬುದು ಅಂಕಿ-ಅಂಶಗಳ ತರಗತಿಯ ಪಾಠ. ಅಲ್ಲಿ ಕಲಿಸದೆ ಬಿಟ್ಟರೆ ಇನ್ನೆಲ್ಲಿ ಕಲಿಸುತ್ತೀರಿ?

ಇನ್ನು ಯಾರೂ ಸುಳ್ಳು ಹೇಳದೆಯೇ ಅನ್ಯಾಯವಾಗುವ ಬಗೆಯೂ ಒಂದಿದೆ. ನೀತಿಯ ಪತ್ರಿಕೆಯ ಕಣ್ಣಿಗೆ ಅದು ಬೀಳುವುದೇ ಇಲ್ಲ. ಕೋವಿಡ್ ಕಾಲದಲ್ಲಿ ಕರ್ನಾಟಕದ ಹಳ್ಳಿಹಳ್ಳಿಗೂ ಆಶಾ ಕಾರ್ಯಕರ್ತೆಯರ ಕೈಯಲ್ಲಿ ಹೋದ ಆಕ್ಸಿಮೀಟರನ್ನೇ ತೆಗೆದುಕೊಳ್ಳಿ. ಬೆರಳಿನೊಳಗೆ ಕೆಂಪು ಮತ್ತು ಅವಕೆಂಪು ಬೆಳಕು ಹಾಯಿಸಿ, ಎರಡೂ ಎಷ್ಟೆಷ್ಟು ಹೀರಲ್ಪಟ್ಟವೆಂಬುದರಿಂದ ರಕ್ತದ ಆಮ್ಲಜನಕವನ್ನು ಅಂದಾಜು ಮಾಡುವ ಸಾಧನ ಅದು. 1970ರ ದಶಕದಲ್ಲಿ ಜಪಾನಿನ ತಾಕುವೊ ಅಯೋಯಾಗಿ ಕಂಡುಹಿಡಿದ ಉಪಾಯ. ಬೆಳಕಿನ ಅನುಪಾತದಿಂದ ಶೇಕಡಾವಾರು ಸಂಖ್ಯೆಗೆ ಬರಲು ಶುದ್ಧ ಸೂತ್ರವಿಲ್ಲ. ಆರೋಗ್ಯವಂತ ಸ್ವಯಂಸೇವಕರ ಆಮ್ಲಜನಕವನ್ನು ಇಳಿಸಿ, ರಕ್ತ ತೆಗೆದು ಅಳೆದು, ತಾಳೆ ನೋಡಿ ಪಟ್ಟಿ ಮಾಡಬೇಕು. ಆ ಸ್ವಯಂಸೇವಕರು ಯಾರು? ಅಮೆರಿಕದ 2013ರ ಮಾರ್ಗಸೂಚಿಯ ಪ್ರಕಾರ ಹತ್ತು ಜನ ಸಾಕು. ಅವರಲ್ಲಿ ಕನಿಷ್ಠ ಇಬ್ಬರು ಅಥವಾ ನೂರಕ್ಕೆ ಹದಿನೈದು ಮಂದಿ ಕಪ್ಪು ಚರ್ಮದವರಿರಬೇಕು. 2020ರ ಡಿಸೆಂಬರಿನಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಪ್ರಕಟಿಸಿದ ಅಧ್ಯಯನದಲ್ಲಿ, ಸಾಧನ 92ರಿಂದ 96 ತೋರಿಸುತ್ತಿದ್ದಾಗಲೂ ನಿಜವಾದ ಆಮ್ಲಜನಕ 88ಕ್ಕಿಂತ ಕೆಳಗಿದ್ದ ಪ್ರಮಾಣ ಬಿಳಿಯರಲ್ಲಿ ಶೇ. 3.6, ಕಪ್ಪು ಜನರಲ್ಲಿ ಶೇ. 11.7 ಇತ್ತು. 94ಕ್ಕಿಂತ ಇಳಿದರೆ ಆಸ್ಪತ್ರೆ, ಇಳಿಯದಿದ್ದರೆ ಮನೆ ಎಂದು ಗೆರೆ ಎಳೆದಿದ್ದ ದಿನಗಳಲ್ಲಿ ಈ ಅಂತರದ ಅರ್ಥವೇನೆಂದು ಬಿಡಿಸಿ ಹೇಳಬೇಕಿಲ್ಲ. ಬೀದರಿನಿಂದ ಚಾಮರಾಜನಗರದವರೆಗೆ ಚರ್ಮದ ಬಣ್ಣ ಎಷ್ಟು ಬಗೆಯದೆಂದು ನೋಡಬಲ್ಲ ವಿದ್ಯಾರ್ಥಿಗೆ, ನಿನ್ನ ಪ್ರಾಜೆಕ್ಟಿನ ಸೆನ್ಸರನ್ನು ಯಾರ ಬೆರಳಿಗೆ ಹಾಕಿ ಕ್ಯಾಲಿಬ್ರೇಟ್ ಮಾಡಿದೆ ಎಂದು ವೈವಾದಲ್ಲಿ ಕೇಳಿದರೆ ಸಾಕು. ಬಹುತೇಕ ಉತ್ತರ ಒಂದೇ ಆಗಿರುತ್ತದೆ: ನನ್ನದಕ್ಕೆ ಮತ್ತು ನನ್ನ ಬ್ಯಾಚಿನವರದಕ್ಕೆ.

ಹದಿನೆಂಟು ದಾಟಿದವರಿಗೆ ನೀತಿ ಕಲಿಸಲಾಗದು, ಅದೆಲ್ಲ ಮನೆಯಲ್ಲೇ ಬರಬೇಕು, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬುದು ಸ್ಟಾಫ್ ರೂಮುಗಳ ಹಳೆಯ ವಾದ. ಒಳ್ಳೆಯತನದ ಮಟ್ಟಿಗೆ ಈ ಮಾತು ಇರಲಿ ಎನ್ನೋಣ. ಆದರೆ ಇಲ್ಲಿ ಬೇಕಿರುವುದು ಒಳ್ಳೆಯತನವೊಂದೇ ಅಲ್ಲ. ಹತ್ತು ಜನ ಸ್ವಯಂಸೇವಕರು ಸಾಕೆಂದವರು ಕೆಟ್ಟವರಾಗಿರಬೇಕಿಲ್ಲ. ಎಂಥ ಸಂಸ್ಕಾರವಂತ ಮನೆಯಲ್ಲಿ ಬೆಳೆದರೂ ಬೆಸುಗೆಯ ಆಯಾಸ, ಮಾದರಿಯ ಗಾತ್ರ, ಕ್ಯಾಲಿಬ್ರೇಶನ್ನಿನ ಓರೆ ಯಾವ ಅಜ್ಜಿಯೂ ಹೇಳಿಕೊಡುವ ವಿಷಯಗಳಲ್ಲ. ಹಾಗಾದರೆ ಇದು ಕೌಶಲದ ಪ್ರಶ್ನೆ, ನೀತಿಯದಲ್ಲ ಎಂದು ಕೆಲವರು ಮತ್ತೊಂದು ತುದಿಯಿಂದ ಹಿಡಿಯುತ್ತಾರೆ. ಚೆನ್ನಾಗಿ ಎಂಜಿನಿಯರಿಂಗ್ ಕಲಿಸಿ, ನೀತಿ ತಾನಾಗಿ ಬರುತ್ತದೆ ಎನ್ನುತ್ತಾರೆ. ಅರ್ಧ ನಿಜ. ಬಿರುಕು ಕಾಣದಿರುವವರೆಗೆ ಅದು ಕೌಶಲದ ಕೊರತೆ. ಕಂಡ ಮೇಲೆ, ಕಂಡದ್ದನ್ನು ಯಾರಿಗೆ ಹೇಳಬೇಕು, ರವಾನೆ ನಿಲ್ಲಿಸಬೇಕೇ ಎಂಬಲ್ಲಿಂದ ಮುಂದಕ್ಕೆ ಕೌಶಲ ಸಾಲದು. ವೈದ್ಯಕೀಯ ಸಾಧನಗಳ ಅಪಾಯ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 14971 ಅಪಾಯವನ್ನು ಅದರ ಸಂಭವ ಮತ್ತು ತೀವ್ರತೆ ಎರಡರಿಂದಲೂ ಅಳೆಯಲು ಹೇಳುತ್ತದೆ. ಎಷ್ಟು ಅಪಾಯ ಒಪ್ಪತಕ್ಕದ್ದೆಂಬ ಗೆರೆಯನ್ನು ತಯಾರಕರೇ ಎಳೆಯಬೇಕು. ಆ ಗೆರೆ ಗಣಿತದಿಂದ ಹುಟ್ಟುವುದಿಲ್ಲ. ಕವಾಟವನ್ನು ಯಂತ್ರದಲ್ಲಿ 40 ಕೋಟಿ ಸಲ ತೆರೆದು ಮುಚ್ಚಿಸಿ ಪಾಸು ಮಾಡಿದರೆ ಸುಮಾರು ಹನ್ನೊಂದು ವರ್ಷದ ಹೃದಯಬಡಿತಕ್ಕೆ ಸಮವಾಯಿತು. ಎಪ್ಪತ್ತರ ಮುದುಕನಿಗೆ ಅದು ಸಾಕೆನಿಸಬಹುದು, ಸಂಧಿವಾತ ಜ್ವರದಿಂದ ಕವಾಟ ಕಳೆದುಕೊಂಡ ಹದಿನೆಂಟರ ಹುಡುಗಿಗೆ ಸಾಕೇ?

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಎಲ್ಲ ವಿಷಯಗಳಲ್ಲೂ ನೀತಿ ಬೆರೆಸಿ ಎಂದರೆ ಕೊನೆಗೆ ಯಾವುದರಲ್ಲೂ ಉಳಿಯುವುದಿಲ್ಲ. ಪರಿಸರ ಪ್ರಜ್ಞೆಯನ್ನು ಎಲ್ಲ ಪಠ್ಯಗಳಲ್ಲೂ ಹೆಣೆಯುತ್ತೇವೆಂದು ಹೊರಟು ಏನಾಯಿತೆಂದು ನೋಡಿದ್ದೇವೆ; ಮುನ್ನುಡಿಯಲ್ಲಿ ಒಂದು ಸಾಲು, ಪ್ರಶ್ನೆಪತ್ರಿಕೆಯಲ್ಲಿ ಸೊನ್ನೆ. ಜೊತೆಗೆ, ಬಯೋಮೆಟೀರಿಯಲ್ಸ್ ಕಲಿಸುವ ಮೇಷ್ಟರಿಗೆ ನೀತಿಶಾಸ್ತ್ರದ ಗಂಧ ಇರಬೇಕೆಂದು ನಿರೀಕ್ಷಿಸುವುದು ಸರಿಯೇ? ಎರಡನೆಯದಕ್ಕೆ ಉತ್ತರ ಸುಲಭ. ಗೀರೋ ಬಿರುಕೋ ಎಂಬ ಪ್ರಶ್ನೆ ಎತ್ತಲು ಕಾಂಟ್‌ನನ್ನು ಓದಿರಬೇಕಿಲ್ಲ, ಲೋಹ ಗೊತ್ತಿರಬೇಕು. ಆ ಪ್ರಶ್ನೆಯನ್ನು ಚೆನ್ನಾಗಿ ಕೇಳಬಲ್ಲವರು ಆ ಮೇಷ್ಟರೇ. ಮೊದಲನೆಯದಕ್ಕೆ ಇರುವ ಉಪಾಯ ಅಂಕ. ನಮ್ಮ ವ್ಯವಸ್ಥೆಯಲ್ಲಿ ಅಂಕವಿಲ್ಲದ್ದು ಇಲ್ಲವೇ ಇಲ್ಲ. ಅಂತಿಮ ವರ್ಷದ ಪ್ರಾಜೆಕ್ಟ್ ವರದಿಯಲ್ಲಿ ಕೆಲಸ ಮಾಡದ ಮಾದರಿಗಳ ಅಧ್ಯಾಯವೊಂದು ಕಡ್ಡಾಯವಾಗಲಿ, ಕೈಬಿಟ್ಟ ರೀಡಿಂಗುಗಳ ಪಟ್ಟಿ ಕಾರಣ ಸಮೇತ ಇರಲಿ, ಯಾರ ದೇಹದ ಮೇಲೆ ಪರೀಕ್ಷಿಸಿಲ್ಲವೆಂಬುದನ್ನು ಸ್ಪಷ್ಟವಾಗಿ ಬರೆಯಲಿ, ಇವಕ್ಕೆಲ್ಲ ಇಂಟರ್ನಲ್ಸ್‌ನಲ್ಲಿ ಕಣ್ಣಿಗೆ ಕಾಣುವಷ್ಟು ಅಂಕವಿರಲಿ. ಸೊಟ್ಟ ಗ್ರಾಫನ್ನು ಸೊಟ್ಟಗೇ ಬರೆದು ಕಾರಣ ಹುಡುಕಿದವನಿಗೆ ನೆಟ್ಟಗಿನ ಗ್ರಾಫಿನವನಿಗಿಂತ ಒಂದು ಅಂಕ ಹೆಚ್ಚು ಬಿದ್ದ ಸೆಮಿಸ್ಟರಿನಲ್ಲೇ ರೆಕಾರ್ಡ್ ಬುಕ್ಕುಗಳ ಬಣ್ಣ ಬದಲಾಗುತ್ತದೆ. ಪ್ರತ್ಯೇಕ ಪತ್ರಿಕೆಯೂ ಇರಲಿ, ಬೇಡವೆನ್ನುವುದಿಲ್ಲ. ಒಪ್ಪಿಗೆ ಪತ್ರ ಎಂದರೇನು, ನೈತಿಕ ಸಮಿತಿ ಏಕೆ ಬಂತು, ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಮಿತಿ ಎಲ್ಲಿ ಎಂಬುದನ್ನೆಲ್ಲ ಕ್ರಮವಾಗಿ ತಿಳಿಯಲು ಅದು ಬೇಕು. ಲ್ಯಾಬಿನಲ್ಲಿ ಪ್ರಶ್ನೆ ಹುಟ್ಟಿದ ಮೇಲೆ, ಐದನೆಯ ಅಥವಾ ಆರನೆಯ ಸೆಮಿಸ್ಟರಿಗೆ ಬಂದರೆ ಅದಕ್ಕೆ ಕೇಳುಗರೂ ಇರುತ್ತಾರೆ.

ಉಳಿದದ್ದು ಅಧಿಕಾರದ ಪ್ರಶ್ನೆ. ಇಪ್ಪತ್ತೆರಡರ ಜೂನಿಯರ್ ಎಂಜಿನಿಯರಿಗೆ ಬಿರುಕು ಕಂಡರೇನು, ಕಾಣದಿದ್ದರೇನು? ತೀರ್ಮಾನ ಮೇಲಿನವರದ್ದು, ತಪ್ಪಿದರೆ ಹಿಡಿಯಲು ಕಾನೂನಿದೆ, 2017ರ ವೈದ್ಯಕೀಯ ಸಾಧನಗಳ ನಿಯಮಗಳು ಹೃದಯದ ಕವಾಟದಂಥವನ್ನು ಅತ್ಯಂತ ಅಪಾಯದ ವರ್ಗದಲ್ಲಿಟ್ಟಿವೆ ಎಂದು ವಾದಿಸಬಹುದು. ಕಾನೂನು ಬೇಕೇ ಬೇಕು. ಆದರೆ ಬೆಸುಗೆಯ ಕವಾಟಕ್ಕೆ ಅನುಮತಿ ಕೊಟ್ಟದ್ದೂ ಒಂದು ಕಾನೂನುಬದ್ಧ ಸಂಸ್ಥೆಯೇ. ತನ್ನ ಮುಂದಿಟ್ಟ ಕಾಗದವನ್ನಷ್ಟೇ ಅದು ಓದಬಲ್ಲದು. ಆ ಕಾಗದ ಬರೆಯುವುದು ಜೂನಿಯರ್ ಎಂಜಿನಿಯರೇ. ಇನ್ನು ಬಾಯಿ ತೆರೆದವರ ಪಾಡು ಸುಖವಲ್ಲ ಎಂಬುದನ್ನು ತರಗತಿಯಲ್ಲಿ ಮುಚ್ಚಿಡಬಾರದು. ಸ್ವೀಡನ್ನಿನ ಕರೋಲಿನ್ಸ್ಕಾ ವೈದ್ಯಕೀಯ ಸಂಸ್ಥೆಯಲ್ಲಿ ಪಾವ್ಲೊ ಮಾಕಿಯಾರಿನಿ ಎಂಬ ಶಸ್ತ್ರವೈದ್ಯ 2011ರಿಂದ ಪ್ಲಾಸ್ಟಿಕ್ಕಿನ ಕೃತಕ ಶ್ವಾಸನಾಳ ಕೂರಿಸತೊಡಗಿದಾಗ, ಅಲ್ಲೇ ಕೆಲಸ ಮಾಡುತ್ತಿದ್ದ ನಾಲ್ವರು ವೈದ್ಯರು 2014ರಲ್ಲಿ ದೂರು ಕೊಟ್ಟರು. ಮರುವರ್ಷ ಸಂಸ್ಥೆ ಆತನನ್ನೇ ನಿರ್ದೋಷಿ ಎಂದಿತು. ಟೀವಿಯ ಸಾಕ್ಷ್ಯಚಿತ್ರವೊಂದು ಗದ್ದಲ ಎಬ್ಬಿಸಿದ ಮೇಲೆ ಕಡತ ಮತ್ತೆ ತೆರೆಯಿತು, 2018ರಲ್ಲಿ ಸಂಶೋಧನಾ ವಂಚನೆ ನಡೆದದ್ದು ಖಚಿತವಾಯಿತು, 2023ರಲ್ಲಿ ಮೇಲ್ಮನವಿ ನ್ಯಾಯಾಲಯ ಎರಡೂವರೆ ವರ್ಷದ ಶಿಕ್ಷೆ ಕೊಟ್ಟಿತು. ವಿಚಿತ್ರವೆಂದರೆ, ಸಹಲೇಖಕರಾಗಿ ಹಿಂದೆ ಲೇಖನಗಳಿಗೆ ಹೆಸರು ಕೊಟ್ಟಿದ್ದ ಕಾರಣಕ್ಕೆ ದೂರುದಾರರ ಮೇಲೂ ಸಂಸ್ಥೆ ತಪ್ಪು ಹೊರಿಸಿತು. ಅವರ ದೂರು ನಿಂತದ್ದು ಧೈರ್ಯವೊಂದರಿಂದಲೇ ಅಲ್ಲ; ರೋಗಿಗಳ ದಾಖಲೆಯನ್ನೂ ಪ್ರಕಟವಾದ ಲೇಖನಗಳನ್ನೂ ಸಾಲು ಸಾಲಾಗಿ ತಾಳೆ ನೋಡಿ ವ್ಯತ್ಯಾಸ ತೋರಿಸಿದ್ದರಿಂದ. ಧೈರ್ಯವನ್ನು ಕಾಲೇಜು ಕಲಿಸಲಾರದು. ತಾರೀಖು ಹಾಕಿ ಬರೆದಿಡುವುದನ್ನು, ಲೇಖನಕ್ಕೆ ಹೆಸರು ಸೇರಿಸುವ ಮುನ್ನ ಮೂಲ ದತ್ತಾಂಶ ಕೇಳುವುದನ್ನು ಕಲಿಸಬಲ್ಲದು.

ಬೆಂಗಳೂರಿನಲ್ಲಿ ಜಿಇ, ಫಿಲಿಪ್ಸ್, ಸೀಮೆನ್ಸ್ ಕಂಪನಿಗಳ ವೈದ್ಯಕೀಯ ಸಾಧನಗಳ ದೊಡ್ಡ ಸಂಶೋಧನಾ ಕೇಂದ್ರಗಳಿವೆ, ನವೋದ್ಯಮಗಳು ಬೇರೆ. ನಮ್ಮ ಕಾಲೇಜುಗಳಿಂದ ಹೊರಬಿದ್ದವರು ಅಂಥ ಕಡೆಗಳಲ್ಲಿ ಮೊದಮೊದಲು ಮಾಡುವ ಕೆಲಸ ಪರೀಕ್ಷಾ ವರದಿಗಳದು: ಇಷ್ಟು ಮಾದರಿ ಪರೀಕ್ಷಿಸಿದೆವು, ಇಷ್ಟು ಪಾಸು, ಇಷ್ಟನ್ನು ಈ ಕಾರಣಕ್ಕೆ ಲೆಕ್ಕದಿಂದ ಬಿಟ್ಟೆವು. ಕಾರಣ ಎಂಬ ಕಲಮಿನಲ್ಲಿ ಏನು ಬರೆಯಬೇಕೆಂದು ಅವರು ಆ ಹೊತ್ತಿಗೆ ನಾಲ್ಕು ವರ್ಷ ಅಭ್ಯಾಸ ಮಾಡಿರುತ್ತಾರೆ. ಆ ಅಭ್ಯಾಸ ಯಾವುದಾಗಿರಬೇಕೆಂದು ಮುಂದಿನ ಸ್ಕೀಮು ಬರೆಯಲು ಕೂರುವ ಅಧ್ಯಯನ ಮಂಡಳಿಗಳು ತೀರ್ಮಾನಿಸಬೇಕು. ಅದಕ್ಕೆ ಹೊಸ ಪತ್ರಿಕೆಯೂ ಬೇಡ, ಹೊಸ ಹುದ್ದೆಯೂ ಬೇಡ. ಈಗಿರುವ ಲ್ಯಾಬ್ ಮ್ಯಾನ್ಯುಯಲ್ಲುಗಳ ಅಂಕ ಹಂಚಿಕೆಯ ಪುಟವನ್ನು ತಿದ್ದಿದರೆ ಕೆಲಸ ಶುರುವಾಗುತ್ತದೆ.